ಬೀದರಿನ ಮದ್ರಸ, ನಮ್ಮೂರಿನ ಬಿಸಿಯೂಟ

ಶಿಡ್ಲಘಟ್ಟ ತಾಲೂಕಿನ ದಿಬ್ಬೂರಹಳ್ಳಿ ಕಡೆಯ ಯಾವುದೇ ಸರಕಾರಿ ಶಾಲೆಯ ಹತ್ತಿರ ಮಧ್ಯಾಹ್ನ ಹಾದುಹೋದರೂ ಸಾರಿನ ವಾಸನೆ ಬರುತ್ತದೆ. ಮನೆಯಲ್ಲಿ ತೆಲುಗು ಆಡುವ ಮಕ್ಕಳು, ಉರ್ದು ಆಡುವ ಮಕ್ಕಳು, ಕನ್ನಡ ಆಡುವ ಮಕ್ಕಳು ತಟ್ಟೆ ಹಿಡಿದು ಒಂದೇ ಸಾಲಿನಲ್ಲಿ ಕೂತಿರುತ್ತಾರೆ. ಇದನ್ನು ನೋಡಿ “ಓದಿಸುವುದು ಬಿಟ್ಟು ಊಟ ಹಾಕುತ್ತಾರೆ” ಎಂದು ಮೂಗು ಮುರಿಯುವವರು ನಮ್ಮ ಜಮಾಅತ್‌ಗಳಲ್ಲೂ ಇದ್ದಾರೆ. ಆದರೆ ಓದಿಸುವ ಜಾಗದಲ್ಲೇ ಊಟ ಹಾಕುವುದು ಹೊಸದೇನಲ್ಲ. ಮಸ್ಜಿದುನ್ನಬವಿಯ ಸುಫ್ಫಾದಲ್ಲಿ ಕಲಿಯುತ್ತಿದ್ದ ಬಡ ಸಹಾಬಿಗಳ ಹಸಿವನ್ನು ಪ್ರವಾದಿಯವರು(ಸ) ತಮ್ಮದೇ ಜವಾಬ್ದಾರಿ ಎಂದು ನೋಡಿಕೊಂಡದ್ದು ನಮಗೆಲ್ಲ ಗೊತ್ತಿರುವ ವಿಷಯ.

ನಮ್ಮ ನಾಡಿನಲ್ಲೇ ಇದಕ್ಕೆ ಕಲ್ಲಿನ ಸಾಕ್ಷಿ ಇದೆ. ಇರಾನಿನ ಗೀಲಾನ್‌ನಿಂದ ಬಂದು ಬಹಮನಿ ಸುಲ್ತಾನರ ವಜೀರನಾದ ಖ್ವಾಜಾ ಮಹಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಮೂರು ಅಂತಸ್ತಿನ ಮದ್ರಸ ಕಟ್ಟಿಸಿದ. ಪಾಠದ ಹಜಾರಗಳು, ಮಸೀದಿ, ಗ್ರಂಥಾಲಯದ ಜೊತೆಗೆ ಉಸ್ತಾದರಿಗೂ ವಿದ್ಯಾರ್ಥಿಗಳಿಗೂ ಅಲ್ಲಿ ಕೋಣೆಗಳಿದ್ದವು. ದೂರದಿಂದ ಬಂದವರಿಗೆ ವಸತಿ, ಊಟ ಅಲ್ಲಿಯೇ. 1481ರಲ್ಲಿ ಸುಳ್ಳು ಆರೋಪದ ಮೇಲೆ ಗವಾನನ ತಲೆ ತೆಗೆಸಿದ ನಂತರ ಖಜಾನೆ ತೆರೆದರೆ ಅಲ್ಲಿ ಹೆಚ್ಚೇನೂ ಇರಲಿಲ್ಲ ಎಂದು ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. ಕಟ್ಟಡದ ಅರ್ಧ ಮುಂದೆ ಸ್ಫೋಟದಲ್ಲಿ ಹಾಳಾಯಿತು. ನೀಲಿ ಹೆಂಚುಗಳ ಒಂದು ಮಿನಾರು ಇಂದಿಗೂ ನಿಂತಿದೆ.

ಅದೇ ಬೀದರ್ ಜಿಲ್ಲೆಯೂ ಸೇರಿದಂತೆ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ 2002ರ ಜೂನ್‌ನಲ್ಲಿ ‘ಅಕ್ಷರ ದಾಸೋಹ’ ಶುರುವಾಯಿತು. ದಾಸೋಹ ಎಂಬ ಮಾತೂ ಬೀದರಿಗೆ ದೂರದ್ದಲ್ಲ, ಬಸವಣ್ಣನವರ ಕಲ್ಯಾಣ ಇರುವುದು ಅದೇ ಜಿಲ್ಲೆಯಲ್ಲಿ. ಮರುವರ್ಷ ಯೋಜನೆ ಉಳಿದ ಜಿಲ್ಲೆಗಳಿಗೂ ಬಂತು. ಆಗ ಶಿಡ್ಲಘಟ್ಟ ಇನ್ನೂ ಕೋಲಾರ ಜಿಲ್ಲೆಯಲ್ಲಿತ್ತು. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ.

ಅದಕ್ಕೂ ಮೊದಲು ಶಾಲೆಯಲ್ಲಿ ಏನೂ ಸಿಗುತ್ತಿರಲಿಲ್ಲ ಎಂದಲ್ಲ. ಅಮೆರಿಕದ ಕೇರ್ ಸಂಸ್ಥೆ ಕಳಿಸುತ್ತಿದ್ದ ಹಿಟ್ಟಿನ ಉಪ್ಪಿಟ್ಟು, ಹಾಲಿನ ಪುಡಿ ಹಿರಿಯರ ನೆನಪಿನಲ್ಲಿದೆ. 1995ರ ಆಗಸ್ಟ್ 15ರಂದು ಕೇಂದ್ರ ಸರಕಾರ ದೇಶವ್ಯಾಪಿ ಯೋಜನೆ ತಂದಾಗ ಹೆಚ್ಚಿನ ರಾಜ್ಯಗಳು ಅಡುಗೆ ಮಾಡಿ ಬಡಿಸಲಿಲ್ಲ, ತಿಂಗಳಿಗೆ 3 ಕಿಲೋ ಧಾನ್ಯ ಅಳೆದು ಕೊಟ್ಟವು. ಕೊನೆಗೆ 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು, ಬೇಯಿಸಿದ ಊಟವನ್ನೇ ಕೊಡಬೇಕೆಂದು ಎಲ್ಲ ರಾಜ್ಯಗಳಿಗೂ ಆದೇಶಿಸಿತು.

ಧಾನ್ಯಕ್ಕೂ ಬೇಯಿಸಿದ ಊಟಕ್ಕೂ ಏನು ವ್ಯತ್ಯಾಸ ಎಂಬುದು ಶಿಡ್ಲಘಟ್ಟದವರಿಗೆ ಬೇಗ ಅರ್ಥವಾಗಬೇಕು. ನಮ್ಮದು ರೇಷ್ಮೆಯ ಸೀಮೆ. ಹಳ್ಳಿಗಳಲ್ಲಿ ಹಿಪ್ಪುನೇರಳೆ, ಹುಳು ಸಾಕಣೆ. ಪೇಟೆಯಲ್ಲಿ ಗೂಡಿನ ಮಾರುಕಟ್ಟೆ, ನೂಲು ಬಿಚ್ಚುವ ಘಟಕಗಳು. ಬಿಸಿನೀರಿನಲ್ಲಿ ಕುದಿಯುವ ಗೂಡಿನಿಂದ ಎಳೆ ಹಿಡಿಯಲು ಚಿಕ್ಕ ಬೆರಳುಗಳೇ ಚೆನ್ನ ಎಂಬ ಮಾತು ಈ ಕಸುಬಿನಲ್ಲಿ ಬಹಳ ಕಾಲ ನಡೆಯಿತು. ಅಪ್ಪ ಪಡೆದ ಮುಂಗಡಕ್ಕೆ ಮಗು ದುಡಿಯುತ್ತಿದ್ದ ಸಂಗತಿಯನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಕರ್ನಾಟಕದ ರೇಷ್ಮೆ ಕೆಲಸದ ಬಗ್ಗೆ ವರದಿ ಮಾಡುವಾಗ ದಾಖಲಿಸಿದೆ. ರೀಲರುಗಳಲ್ಲೂ ಕೂಲಿಯವರಲ್ಲೂ ಮುಸ್ಲಿಮರು ಬಹಳ. ಹೀಗಾಗಿ ಇದು ಬೇರೆಯವರ ಮನೆಯ ಮಾತು ಎಂದು ತಳ್ಳಿಹಾಕಲು ನಮಗೆ ಬರುವುದಿಲ್ಲ.

ಅಳೆದು ಕೊಟ್ಟ ಧಾನ್ಯ ಮನೆ ಸೇರುತ್ತಿತ್ತು. ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ಆಯಿತು, ಹುಡುಗ ಘಟಕದಲ್ಲೇ ಉಳಿಯಬಹುದಿತ್ತು. ಬಿಸಿಯೂಟ ಹಾಗಲ್ಲ, ತಿನ್ನಬೇಕಾದರೆ ಮಧ್ಯಾಹ್ನದ ಹೊತ್ತಿಗೆ ಹುಡುಗ ಶಾಲೆಯಲ್ಲೇ ಇರಬೇಕು. ಕಾನೂನು 1986ರಲ್ಲೇ ಬಂದಿತ್ತು. ಆದರೆ ದಿನದ ನಡುವೆ ಮಗುವನ್ನು ಕೆಲಸದ ಜಾಗದಿಂದ ಎಬ್ಬಿಸುವ ಶಕ್ತಿ ಇನ್ಸ್‌ಪೆಕ್ಟರಿಗಿಂತ ಅನ್ನ ಸಾರಿಗೇ ಹೆಚ್ಚು ಎಂದು ನನ್ನ ಎಣಿಕೆ.

ಊಟದ ಹಿಂದೆಯೇ ಬೇರೆ ಸವಲತ್ತುಗಳೂ ಶಾಲೆಗೆ ಬಂದವು. 2006ರಿಂದ ಎಂಟನೇ ತರಗತಿಗೆ ಸೈಕಲ್, 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು. ಕಣ್ಣು, ಕಿವಿ, ಹೃದಯದ ತೊಂದರೆ ಪತ್ತೆ ಮಾಡುವ ಆರೋಗ್ಯ ತಂಡವೂ ಶಾಲೆಗೇ ಬರುತ್ತದೆ. 2021ರ ಡಿಸೆಂಬರಿನಲ್ಲಿ ಏಳು ಜಿಲ್ಲೆಗಳಲ್ಲಿ ಮೊಟ್ಟೆ ಕೊಡತೊಡಗಿದಾಗ ದೊಡ್ಡವರು ಜಗಳವಾಡಿದರು. ಬೇಡವೆಂದ ಮಕ್ಕಳಿಗೆ ಬಾಳೆಹಣ್ಣು ಸಿಕ್ಕಿತು, ಉಳಿದವರು ಮೊಟ್ಟೆ ತಿಂದರು. ಅಲ್ಲಿಗೆ ಮುಗಿಯಬೇಕಿತ್ತು.

ಬರಗಾಲದ ಬೇಸಿಗೆ ರಜೆಯಲ್ಲೂ ಊಟ ಕೊಡಬೇಕು, ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಇರಬೇಕು ಎಂದು ಸುಪ್ರೀಂ ಕೋರ್ಟು 2004ರ ಏಪ್ರಿಲ್‌ನಲ್ಲಿ ಹೇಳಿತು. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಅದರ ಮುಂದಿನ ಬೇಸಿಗೆಯಲ್ಲಿ, ಪಾಠವಿಲ್ಲದಿದ್ದರೂ, ಆ ತಾಲೂಕುಗಳ ಶಾಲೆಗಳಲ್ಲಿ ಒಲೆ ಉರಿಯಿತು.

ಈ ಅಡುಗೆ ಹೇಗಿದೆ, ಶೌಚಾಲಯಕ್ಕೆ ನೀರಿದೆಯೇ, ಯಾವ ಮಗು ಶಾಲೆ ಬಿಟ್ಟಿದೆ ಎಂದು ಕೇಳುವ ಅಧಿಕಾರ ಎಸ್‌ಡಿಎಂಸಿಗಿದೆ. 2001ರಲ್ಲಿ ರಾಜ್ಯ ಸರಕಾರ ಈ ಸಮಿತಿಗಳನ್ನು ತಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಮುಕ್ಕಾಲು ಭಾಗ ಸದಸ್ಯರು ಪೋಷಕರೇ ಇರಬೇಕು, ಅರ್ಧ ಜನ ಮಹಿಳೆಯರಾಗಿರಬೇಕು ಎಂದಿತು. ನಮ್ಮ ಮಕ್ಕಳು ಓದುವ ಶಾಲೆಯಲ್ಲಿ ಆ ಕುರ್ಚಿಗಳ ಮೇಲೆ ನಮ್ಮ ತಾಯಂದಿರು ಎಷ್ಟು ಜನ ಕೂತಿದ್ದಾರೆ ಎಂಬುದನ್ನು ಮುಂದಿನ ಸಮಿತಿ ರಚನೆಗೆ ಮೊದಲೇ ಎಣಿಸಿ ನೋಡಬಹುದು.