ತುಕ್ಕು, ತುಪ್ಪು, ಜಂಗ್: ಗಡಿನಾಡಿನ ಒಂದು ಅಂಬಾಸಿಡರ್ ಬಾಗಿಲಿನ ಓದು

ಶಾಸನ, ಹಸ್ತಪ್ರತಿ ಅಂತ ಮಾತಾಡೋ ಈ ಸಂಕಿರಣಕ್ಕೆ ನಾನು ಒಂದು ಕಾರಿನ ಬಾಗಿಲು ತಂದಿದ್ದೀನಿ. ಪರದೆ ಮೇಲೆ ಕಾಣ್ತಿರೋದು ಅದರದೇ ಚಿತ್ರ. ನಮ್ಮ ಅಜ್ಜ ಮಕ್ತಲ್–ರಾಯಚೂರು ನಡುವೆ ಬಾಡಿಗೆಗೆ ಓಡಿಸುತ್ತಿದ್ದ 1977ರ ಅಂಬಾಸಿಡರ್, ಮಾರ್ಕ್ 3.

ಮೊದಲು ಊರಿನ ಹಿನ್ನೆಲೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದಾಗ ರಾಯಚೂರು ಜಿಲ್ಲೆ ಮೈಸೂರಿಗೆ ಬಂತು. ಅದೇ ಜಿಲ್ಲೆಯ ಗದ್ವಾಲ್, ಆಲಂಪುರ ತಾಲ್ಲೂಕುಗಳು ಮಾತ್ರ ಆಂಧ್ರಪ್ರದೇಶದ ಮಹಬೂಬ್‌ನಗರ ಜಿಲ್ಲೆಗೆ ಸೇರಿದವು. ಮಕ್ತಲ್, ನಾರಾಯಣಪೇಟೆ ಮೊದಲೇ ಆ ಜಿಲ್ಲೆಯಲ್ಲಿದ್ದವು. ಗದ್ವಾಲ್ 2016ರಲ್ಲಿ, ನಾರಾಯಣಪೇಟೆ 2019ರಲ್ಲಿ ಪ್ರತ್ಯೇಕ ಜಿಲ್ಲೆಗಳಾದವು. ಗೆರೆ ಇಷ್ಟು ಸಲ ಸರಿದರೂ ಸಂತೆ, ಆಸ್ಪತ್ರೆ, ಬೀಗತನಕ್ಕೆ ನಮ್ಮ ಜನ ರಾಯಚೂರಿಗೆ ಹೋಗೋದು ನಿಲ್ಲಲಿಲ್ಲ. ಆ ಓಡಾಟದ ದಾಖಲೆ ಸರ್ಕಾರಿ ಕಡತಕ್ಕಿಂತ ಹೆಚ್ಚಾಗಿ ಬಾಡಿಗೆ ಗಾಡಿಗಳ ಮೈಮೇಲೆ ಇತ್ತು ಅನ್ನೋದು ನನ್ನ ವಾದ.

ಗ್ಯಾರೇಜಿನ ಮಾತೂ ಅದಕ್ಕೆ ಸಾಕ್ಷಿ. ಕನ್ನಡದ ತುಕ್ಕು ತೆಲುಗಿನಲ್ಲಿ ತುಪ್ಪು, ದಖನಿಯಲ್ಲಿ ಜಂಗ್. ನಮ್ಮ ಬಾಗಿಲು ರಿಪೇರಿ ಮಾಡಿದ ಟಿಂಕರ್ ಉಸ್ತಾದರು ಮೂರನ್ನೂ ಬಳಸ್ತಿದ್ದರು, ಎದುರಿಗಿದ್ದವರನ್ನು ನೋಡಿ.

ಬಾಗಿಲಿಗೆ ತುಕ್ಕು ಒಳಗಿನಿಂದ ಹಿಡಿಯುತ್ತದೆ. ಗಾಜಿನ ಪಕ್ಕದಿಂದ ಇಳಿದ ನೀರು ಹೊರಹೋಗಲು ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಅವುಗಳಿಗೆ ಮಣ್ಣು ತುಂಬಿದರೆ ತೇವ ಒಳಗೇ ನಿಲ್ಲುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ತಗೊಳ್ಳೋದರಿಂದ ಬಣ್ಣ ಉಬ್ಬುತ್ತದೆ. ಹೊರಗೆ ಗುಳ್ಳೆ ಕಾಣೋ ಹೊತ್ತಿಗೆ ಒಳಗೆ ತಗಡು ಸವೆದುಹೋಗಿರುತ್ತದೆ. ಹಿಂದೆ ಒಮ್ಮೆ ಇದೇ ಜಾಗಕ್ಕೆ ಪುಟ್ಟಿ ಮೆತ್ತಿ ಬಣ್ಣ ಹೊಡೆಸಿದ್ದರು. "ಪುಟ್ಟಿ ಹಚ್ಚಿದ್ರ ಮುಚ್ಚತದ, ವಾಸಿ ಆಗಂಗಿಲ್ಲ ತಮ್ಮಾ. ಮೊದಲ ಕೆರದು ನೋಡಬೇಕು," ಅಂದರು ಉಸ್ತಾದರು.

ಕೆರೆದಾಗ, ಬಾಡಿಗೆ ಬಿಟ್ಟ ಮೇಲೆ ಅಜ್ಜ ಹೊಡೆಸಿದ್ದ ಬಿಳಿ ಬಣ್ಣದ ಕೆಳಗೆ ಹಳದಿ ಅಕ್ಷರ ಕಂಡವು: 'ಮಕ್ತಲ್ – ರಾಯಚೂರು'. ಆದರೆ 'ಕ್ತ'ದ ಒತ್ತು ಗೆರೆಯಿಂದ ಕೆಳಗಿಳಿಯುತ್ತದಲ್ಲ, ಅದನ್ನು ತುಕ್ಕು ತಿಂದಿತ್ತು. ಉಳಿದದ್ದು 'ಮಕಲ್'.

ಗಟ್ಟಿ ತಗಡು ಸಿಗೋವರೆಗೂ ಕತ್ತರಿಸಬೇಕು ಅನ್ನೋದು ಕಸುಬಿನ ನಿಯಮ. ಎಂದಿನಂತೆ ಧಾರಾಳವಾಗಿ ಕತ್ತರಿಸಿದ್ದರೆ ಅಕ್ಷರಗಳೂ ಹೋಗುತ್ತಿದ್ದವು. ಕೇಳಿಕೊಂಡ ಮೇಲೆ ಉಸ್ತಾದರು ಅಕ್ಷರದ ಬುಡದಲ್ಲೇ ಗೆರೆ ಹಾಕಿದರು. ರಟ್ಟಿನಲ್ಲಿ ಅಳತೆ ತೆಗೆದು, ಅದೇ ದಪ್ಪದ ತಗಡು ಕೂರಿಸಿ, ದೂರದೂರಕ್ಕೆ ಒಂದೊಂದು ಚುಕ್ಕೆ ವೆಲ್ಡಿಂಗ್ ಇಟ್ಟು ಆರಲು ಬಿಟ್ಟರು. ಒಂದೇ ಸಮ ಕಾಯಿಸಿದರೆ ತಗಡು ಸೊಟ್ಟಗಾಗುತ್ತದೆ. ಆಮೇಲೆ ಉಜ್ಜಿ ರೆಡ್ ಆಕ್ಸೈಡ್ ಹಚ್ಚಿದರು.

ಇಲ್ಲಿ ನಮ್ಮ ಗ್ರಂಥಸಂಪಾದನೆಯ ಪ್ರಶ್ನೆಯೇ ಎದ್ದಿತು: ಲೋಪವಾದ ಅಕ್ಷರವನ್ನು ತುಂಬಬೇಕೇ? ಕಾನೂನೂ ಮೂಲವನ್ನೇ ಕೇಳುತ್ತದೆ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮಾರ್ಪಡಿಸದೆ ಮೂಲ ರೂಪದಲ್ಲಿ ಉಳಿಸಿಕೊಂಡ ಗಾಡಿಯೇ ವಿಂಟೇಜ್. ನಮ್ಮದಕ್ಕೆ 50 ತುಂಬೋದು 2027ಕ್ಕೆ. ನಾನು ಹೊಸ ತಗಡಿನ ಕೆಂಪನ್ನು ಹಾಗೇ ಬಿಡಿಸಿದೆ. ಹಳೆಯದು ಎಲ್ಲಿ ಮುಗಿದು ಹೊಸದು ಎಲ್ಲಿ ಶುರುವಾಯ್ತು ಅಂತ ನೋಡಿದವರಿಗೆ ತಿಳಿಯಲಿ ಅಂತ.

ಅಪ್ಪ ಒಪ್ಪಲಿಲ್ಲ. "ಪೇಂಟರನ್ನ ಕರಸಿ ಒತ್ತು ಬರಸಿಬಿಡು," ಅಂದರು. ಇರೋದನ್ನೇ ಉಳಿಸಬೇಕು ಅಂತ ನಾನು ವಾದ ಮಾಡಿದೆ. "ನಾ ಅಂತೂ ಒತ್ತು ಇಲ್ಲದಿದ್ರೂ ಮಕ್ತಲ್ ಅಂತಲೇ ಓದ್ತೀನಿ. ತಮ್ಮನ ಮಕ್ಕಳು ಇಂಗ್ಲಿಷ್ ಸಾಲಿಗೆ ಹೋಗ್ತಾವ. ಅವು ಏನಂತ ಓದ್ಯಾವು?"

ಪಾಠದ ನಿಷ್ಠೆ ಬಗ್ಗೆ ನಾವು ಕಲಿತದ್ದೆಲ್ಲ, ಓದುವವರು ಇದ್ದೇ ಇರ್ತಾರೆ ಅನ್ನೋ ನಂಬಿಕೆ ಮೇಲೆ ನಿಂತಿದೆ. ಗಡಿಯಲ್ಲಿ ಆ ನಂಬಿಕೆಗೂ ತುಕ್ಕು ಹಿಡಿಯುತ್ತಿದೆ. ಒತ್ತಿನ ಜಾಗ ಇವತ್ತಿಗೂ ಕೆಂಪಾಗೇ ಇದೆ. ಅಪ್ಪನ ಪ್ರಶ್ನೆಯನ್ನು ನಿಮ್ಮ ಮುಂದೆ ಇಡ್ತಿದ್ದೀನಿ. ಚರ್ಚೆ ಅಲ್ಲಿಂದಲೇ ಶುರುವಾಗಲಿ.