ಟೆಂಡರ್ ಷರತ್ತು ಯಾರಿಗಾಗಿ?

ಮುಂಬಯಿ ವಿಮಾನ ನಿಲ್ದಾಣದಲ್ಲಿ ಎರಡನೇ ದರ್ಜೆಯ ಒಂದು ರೆಸ್ಟೋರೆಂಟು, ಜತೆಗೆ ಎರಡು ತಿಂಡಿ ಮಳಿಗೆ. ಅವನ್ನು ಮೂರು ವರ್ಷ ನಡೆಸಲು 1977ರ ಜನವರಿಯಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಪ್ರಾಧಿಕಾರ ಟೆಂಡರ್ ಕರೆಯಿತು. ಎರಡನೇ ದರ್ಜೆಯ ಹೋಟೆಲಿನವರೆಂದು ನೋಂದಾಯಿಸಿಕೊಂಡು ಕನಿಷ್ಠ ಐದು ವರ್ಷ ಅನುಭವ ಇದ್ದವರೇ ಬರಬೇಕೆಂಬುದು ಷರತ್ತು. ಗುತ್ತಿಗೆ ದಕ್ಕಿದ್ದು ಮಾತ್ರ ಹೋಟೆಲು ನಡೆಸಿ ಗೊತ್ತಿಲ್ಲದ, ಕ್ಯಾಂಟೀನುಗಳನ್ನಷ್ಟೇ ನಡೆಸಿದ್ದ ಒಬ್ಬರಿಗೆ. ತಿಂಗಳಿಗೆ 6,666 ರೂಪಾಯಿ 66 ಪೈಸೆ ಕೊಡುತ್ತೇನೆಂದು ಬರೆದಿದ್ದ ಅವರದೇ ಎಲ್ಲಕ್ಕಿಂತ ಹೆಚ್ಚಿನ ಮೊತ್ತವಾಗಿತ್ತು.

ಇಡ್ಲಿ, ಚಹಾ ಮಾರುವ ಮಳಿಗೆಯ ಈ ಜಗಳವೇ ಸುಪ್ರೀಂ ಕೋರ್ಟಿಗೆ ಹೋಗಿ, 1979ರ ಮೇ ತಿಂಗಳಲ್ಲಿ ರಮಣ ದಯಾರಾಮ್ ಶೆಟ್ಟಿ ಪ್ರಕರಣದ ತೀರ್ಪಾಗಿ ಹೊರಬಂತು. ಸರಕಾರ ಖಾಸಗಿ ಯಜಮಾನನ ಹಾಗೆ ಮನಸ್ಸಿಗೆ ಬಂದವರಿಗೆ ಗುತ್ತಿಗೆ ಕೊಡುವಂತಿಲ್ಲ, ತಾನೇ ಹಾಕಿದ ಷರತ್ತಿಗೆ ತಾನೂ ಕಟ್ಟುಬಿದ್ದಿರಬೇಕು ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ಬರೆದರು. ಸಮಾನತೆಯ ಮಾತಾಡುವ ಸಂವಿಧಾನದ 14ನೇ ವಿಧಿ ಟೆಂಡರ್ ಪೆಟ್ಟಿಗೆಯೊಳಕ್ಕೂ ಇಳಿಯಿತು. ತಮಾಷೆಯೆಂದರೆ, ತತ್ವದಲ್ಲಿ ಗೆದ್ದ ಅರ್ಜಿದಾರರ ಕೈಗೆ ಏನೂ ಸಿಗಲಿಲ್ಲ. ಅವರು ಟೆಂಡರ್ ಹಾಕಿದವರೇ ಅಲ್ಲ, ಬಂದದ್ದೂ ತಡವಾಗಿ. ಅಷ್ಟರಲ್ಲಿ ಎದುರಾಳಿ ಹಣ ಸುರಿದು ಮಳಿಗೆ ತೆರೆದಾಗಿತ್ತು. ಹಾಗಾಗಿ ಗುತ್ತಿಗೆ ಉಳಿಯಿತು.

ಅಲ್ಲಿ ತಕರಾರು ಇದ್ದದ್ದು ಷರತ್ತನ್ನು ಮುರಿದುದರ ಬಗ್ಗೆ. ಷರತ್ತೇ ಅನ್ಯಾಯದ್ದಾಗಿದ್ದರೆ? ಮುಂದಿನ ನಾಲ್ಕು ದಶಕಗಳ ಹಗ್ಗಜಗ್ಗಾಟವೆಲ್ಲ ಈ ಎರಡನೇ ಪ್ರಶ್ನೆಯ ಸುತ್ತ.

1994ರಲ್ಲಿ ದೆಹಲಿ, ಮುಂಬಯಿ, ಕಲ್ಕತ್ತ, ಮದ್ರಾಸುಗಳಿಗೆ ಮೊಬೈಲ್ ದೂರವಾಣಿ ಸೇವೆ ಕೊಡುವ ಲೈಸೆನ್ಸುಗಳ ವಿವಾದ ಬಂದಾಗ, ಟಾಟಾ ಸೆಲ್ಯುಲಾರ್ ತೀರ್ಪು ಬಾಗಿಲನ್ನು ಮುಕ್ಕಾಲು ಪಾಲು ಮುಚ್ಚಿತು. ಟೆಂಡರಿನಲ್ಲಿ ಏನು ಕೇಳಬೇಕೆಂಬುದು ಕರಾರಿನ ವಿಷಯ, ಅದನ್ನು ನ್ಯಾಯಾಲಯ ಒರೆಗೆ ಹಚ್ಚುವುದಿಲ್ಲ. ನಿರ್ಧಾರ ಸರಿಯೇ ಎಂದಲ್ಲ, ನಿರ್ಧರಿಸಿದ ರೀತಿ ಸರಿಯೇ ಎಂದಷ್ಟೇ ನೋಡುತ್ತದೆ ಎಂಬುದು ಅದರ ಸಾರ. ಮನಸೋ ಇಚ್ಛೆ, ದುರುದ್ದೇಶ, ಪಕ್ಷಪಾತ ಕಂಡರೆ ಮಾತ್ರ ಕೈಹಾಕುವುದು.

ಈ ಅಳತೆ ಸಣ್ಣವರ ಮೇಲೆ ಹೇಗೆ ಬೀಳುತ್ತದೆಂಬುದು ಹತ್ತು ವರ್ಷಗಳ ಬಳಿಕ ಗೊತ್ತಾಯಿತು. ದೆಹಲಿಯ ಸರಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಗುತ್ತಿಗೆಗೆ ಮೂರು ವರ್ಷದಿಂದ 20 ಕೋಟಿ ರೂಪಾಯಿ ವಹಿವಾಟು ಇರಬೇಕೆಂದು ಶಿಕ್ಷಣ ನಿರ್ದೇಶನಾಲಯ ಬರೆದಿತ್ತು. ಚಿಕ್ಕ ಕಂಪೆನಿಗಳು ಕೋರ್ಟಿಗೆ ಹೋದವು. ಹೈಕೋರ್ಟು ಷರತ್ತನ್ನು ಕಿತ್ತುಹಾಕಿದರೆ, 2004ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತೆ ಕೂರಿಸಿತು. ಹಲವರಿಗೆ ಹಂಚಿ ಪರದಾಡಿದ ಇಲಾಖೆ ಈಗ ದೊಡ್ಡ ಕೈಯೊಂದನ್ನು ಹುಡುಕುವುದರಲ್ಲಿ ತಪ್ಪೇನೂ ಕಾಣಲಿಲ್ಲ.

ನಮ್ಮ ಕೆಂಪು ಬಸ್ಸುಗಳ ಟೈರೂ ಇದೇ ಸಾಲಿಗೆ ಸೇರುತ್ತದೆ. ಸೇವೆಯದಲ್ಲ, ಸರಕಿನ ಟೆಂಡರು. ಆದರೂ ಕಾನೂನು ಒಂದೇ. ಬಸ್ಸು, ಲಾರಿ ತಯಾರಿಸುವ ಕಂಪೆನಿಗಳಿಗೆ ಟೈರು ಪೂರೈಸಿದ ಅನುಭವ ಬೇಕೆಂದು ಕೆಎಸ್‌ಆರ್‌ಟಿಸಿ ಕೇಳಿತು. ಆ ಷರತ್ತು ತನ್ನಂಥವರನ್ನು ಹೊರಗಿಡಲೆಂದೇ ಬಂದದ್ದು ಎಂದು ಮಿಷಿಗನ್ ರಬ್ಬರ್ ಕಂಪೆನಿ ದೂರಿತು. ಕರ್ನಾಟಕ ಹೈಕೋರ್ಟಿನಲ್ಲೂ 2012ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಗೆದ್ದದ್ದು ನಿಗಮವೇ. ಟೈರು ಸಿಡಿದರೆ ಹೋಗುವುದು ಪ್ರಯಾಣಿಕರ ಜೀವ. ಗುಣಮಟ್ಟದ ಷರತ್ತಿಗೂ ಆ ಕೆಲಸಕ್ಕೂ ಕಣ್ಣಿಗೆ ಕಾಣುವ ನಂಟಿತ್ತು.

ಆ ನಂಟೇ ಇಲ್ಲಿ ನಿಜವಾದ ಒರೆಗಲ್ಲು. ತೀರ್ಪುಗಳು ಸಂಯಮದ ಮಾತನ್ನು ಪುಟಗಟ್ಟಲೆ ಆಡುತ್ತವಾದರೂ, ಕೊನೆಗೆ ಗೆಲುವು ಸೋಲು ನಿಲ್ಲುವುದು ಷರತ್ತು ಕೆಲಸಕ್ಕಾಗಿ ಇದೆಯೇ, ಯಾರೋ ಒಬ್ಬರಿಗಾಗಿ ಇದೆಯೇ ಎಂಬಲ್ಲಿ.

ಈಚಿನ ವರ್ಷಗಳಲ್ಲಿ ನ್ಯಾಯಾಲಯಗಳ ತಾಳ್ಮೆ ಇನ್ನಷ್ಟು ಕುಗ್ಗಿದೆ. ತಮಿಳುನಾಡಿನ ಮದ್ಯದ ಬಾಟಲಿಗಳಿಗೆ ಅಂಟಿಸುವ ಹೊಲೊಗ್ರಾಂ ಚೀಟಿಯ ಟೆಂಡರನ್ನು ಪ್ರಶ್ನಿಸಿ ಸೋತವರ ಮೇಲೆ 2021ರಲ್ಲಿ ಸುಪ್ರೀಂ ಕೋರ್ಟು ಎದುರಾಳಿಯ ದಾವೆ ಖರ್ಚನ್ನೂ ಹೇರಿತು. ಮರುವರ್ಷ ಜಾರ್ಖಂಡಿನ ರಸ್ತೆ ಕಾಮಗಾರಿಯ ಪ್ರಕರಣದಲ್ಲಿ, ಹೈಕೋರ್ಟುಗಳು ಕೆಲಸಕ್ಕೆ ತಡೆ ಕೊಡುವ ಬದಲು ನೊಂದವರಿಗೆ ಪರಿಹಾರದ ದಾರಿ ತೋರಿಸಲಿ ಎಂದಿತು. ಟೆಂಡರ್ ಸೋತವರೆಲ್ಲ ರಿಟ್ ಅರ್ಜಿ ಹಿಡಿದು ಓಡುವ ಚಾಳಿ ನೋಡಿದರೆ ಈ ಬೇಸರ ಅರ್ಥವಾಗುವಂಥದೇ.

ಷರತ್ತನ್ನು ಯಾವಾಗ ಪ್ರಶ್ನಿಸಬೇಕು ಎಂಬುದು ಇನ್ನೊಂದು ಮಾತು. ಷರತ್ತನ್ನು ಒಪ್ಪಿ, ಮುಂಗಡ ಠೇವಣಿ ಕಟ್ಟಿ, ಟೆಂಡರ್ ಹಾಕಿ ಸೋತ ಮೇಲೆ ಷರತ್ತೇ ತಪ್ಪೆಂದರೆ ನಮ್ಮ ಕೋರ್ಟುಗಳು ಸಾಮಾನ್ಯವಾಗಿ ಕಿವಿಗೊಡುವುದಿಲ್ಲ. ಅಮೆರಿಕದಲ್ಲಿ ಇದು ಕಟ್ಟುನಿಟ್ಟಿನ ನಿಯಮವೇ ಆಗಿದೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ಆಲ್ಕಟ್ರಾಜ್ ದ್ವೀಪಕ್ಕೆ ಪ್ರವಾಸಿಗರನ್ನು ದೋಣಿಯಲ್ಲಿ ಒಯ್ಯುವ ಗುತ್ತಿಗೆ ಕಳೆದುಕೊಂಡ ಬ್ಲೂ ಅಂಡ್ ಗೋಲ್ಡ್ ಫ್ಲೀಟ್ ಕಂಪೆನಿ, ಕಾರ್ಮಿಕರ ಕೂಲಿ ಕಾನೂನನ್ನು ಟೆಂಡರಿನಲ್ಲಿ ಸೇರಿಸಬೇಕಿತ್ತೆಂದು ಆಮೇಲೆ ವಾದಿಸಿತು. ಎದ್ದು ಕಾಣುವ ದೋಷವಿದ್ದರೆ ಟೆಂಡರ್ ಮುಗಿಯುವ ಮುಂಚೆಯೇ ಹೇಳಬೇಕಿತ್ತು, ಸುಮ್ಮನಿದ್ದು ಸೋತ ಮೇಲೆ ಹಕ್ಕಿಲ್ಲ ಎಂದು ಅಲ್ಲಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ 2007ರಲ್ಲಿ ತೀರ್ಪಿತ್ತಿತು. ಆದರೆ ಅಲ್ಲಿ ಮೊದಲೇ ಹೇಳಿಕೊಳ್ಳಲು ಒಂದು ಜಾಗವಿದೆ. ಸರಕಾರದ ಲೆಕ್ಕಪತ್ರ ನೋಡುವ ಸಂಸ್ಥೆಯೇ ಇಂಥ ತಕರಾರುಗಳನ್ನು ಕೇಳುತ್ತದೆ.

ಇಲ್ಲಿ ಆ ಜಾಗವೇ ತೆಳು. ತಮಿಳುನಾಡು 1998ರಲ್ಲಿ, ಕರ್ನಾಟಕ 1999ರಲ್ಲಿ ಟೆಂಡರ್ ಪಾರದರ್ಶಕತೆ ಕಾಯ್ದೆ ಮಾಡಿದವು. ಕೆಟಿಪಿಪಿ ಎಂದು ಕರೆಯುವ ಕರ್ನಾಟಕದ ಈ ಕಾಯ್ದೆಯಲ್ಲಿ, ಟೆಂಡರ್ ಒಪ್ಪಿದ ಆದೇಶದ ವಿರುದ್ಧ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಷರತ್ತಿನ ಮೇಲಿನ ಸಿಟ್ಟು ಮಾತ್ರ ಟೆಂಡರ್ ಹಾಕುವ ಮುಂಚಿನ ಪ್ರೀ-ಬಿಡ್ ಸಭೆಯಲ್ಲಿ ಕರಗಬೇಕು, ಇಲ್ಲವೇ ಸಂವಿಧಾನದ 226ನೇ ವಿಧಿ ಹಿಡಿದು ಹೈಕೋರ್ಟು ಮುಟ್ಟಬೇಕು. ಪ್ರೀ-ಬಿಡ್ ಸಭೆಯಲ್ಲಿ ಷರತ್ತು ಬರೆದವರೇ ಉತ್ತರವನ್ನೂ ಕೊಡುತ್ತಾರೆ. ರಾಜಸ್ಥಾನದ 2012ರ ಕಾಯ್ದೆ ಟೆಂಡರ್ ಹಾಕಲಿರುವವರಿಗೂ ಮೇಲ್ಮನವಿಯ ಹಕ್ಕು ಕೊಟ್ಟಿತು, ಆದರೆ ಯಾರು ಭಾಗವಹಿಸಬಹುದೆಂದು ಮಿತಿ ಹಾಕುವ ಷರತ್ತುಗಳನ್ನೇ ಆ ಹಕ್ಕಿನಿಂದ ಹೊರಗಿಟ್ಟಿತು. ದಾನ ಕೊಟ್ಟ ಕೈಯೇ ಕಿತ್ತುಕೊಂಡಂತೆ. ಕೇಂದ್ರದ ಖರೀದಿ ಮಸೂದೆ 2012ರಲ್ಲಿ ಲೋಕಸಭೆಗೆ ಬಂದು, ಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು.

ಹಾಗೆಂದು ಬಾಗಿಲು ಪೂರಾ ಮುಚ್ಚಿಲ್ಲ. ಅಂಗನವಾಡಿ ಮಕ್ಕಳ ಆಹಾರವನ್ನು ಗುತ್ತಿಗೆದಾರರಿಂದ ತರಿಸಬೇಡಿ, ಊರಿನ ಮಹಿಳಾ ಮಂಡಲಗಳು, ಸ್ವಸಹಾಯ ಸಂಘಗಳಿಗೆ ಕೊಡಿ ಎಂದು ಸುಪ್ರೀಂ ಕೋರ್ಟು 2004ರಲ್ಲೇ ಹೇಳಿತ್ತು. ಆದರೂ ಈ ಆಹಾರಕ್ಕೆ ಮಹಾರಾಷ್ಟ್ರ ಸರಕಾರ ಕರೆದ ಟೆಂಡರಿನಲ್ಲಿ ವಹಿವಾಟಿನ ಷರತ್ತು ಎಷ್ಟು ಎತ್ತರದಲ್ಲಿತ್ತೆಂದರೆ ಹಳ್ಳಿಯ ಸಂಘವೊಂದು ಹತ್ತಿರವೂ ಸುಳಿಯುವಂತಿರಲಿಲ್ಲ. ಹೆಸರಿಗೆ ಮಹಿಳೆಯರ ಸಂಘ, ಒಳಗೆ ದೊಡ್ಡ ವ್ಯಾಪಾರ. 2019ರಲ್ಲಿ ವೈಷ್ಣೋರಾಣಿ ಮಹಿಳಾ ಬಚತ್ ಗಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಟೆಂಡರನ್ನು ರದ್ದುಮಾಡಿತು. ವಹಿವಾಟಿನ ಷರತ್ತು ದೆಹಲಿಯ ಶಾಲೆಗಳಲ್ಲಿ ಉಳಿಯಿತು, ಅಂಗನವಾಡಿಯಲ್ಲಿ ಬಿತ್ತು; ವ್ಯತ್ಯಾಸ ಮೊತ್ತದ್ದಲ್ಲ, ಯೋಜನೆಯ ಉದ್ದೇಶದ್ದು.

ಮತ್ತೊಂದು ಗೆಲುವು ತೀರಾ ಈಚಿನದು. ಛತ್ತೀಸಗಢ ಸರಕಾರ ಶಾಲಾ ಮಕ್ಕಳಿಗೆ ಆಟದ ಸಾಮಾನು ಪೂರೈಸಲು 2025ರಲ್ಲಿ ಮೂರು ಟೆಂಡರ್ ಕರೆಯಿತು. ಹಿಂದಿನ ಮೂರು ವರ್ಷಗಳಲ್ಲಿ ಆ ರಾಜ್ಯದ ಸರಕಾರಿ ಸಂಸ್ಥೆಗಳಿಗೇ ಕನಿಷ್ಠ 6 ಕೋಟಿ ರೂಪಾಯಿಯ ಸಾಮಾನು ಪೂರೈಸಿರಬೇಕು ಎಂಬುದು ಷರತ್ತು. ಹೊರ ರಾಜ್ಯದವರು ಎಷ್ಟೇ ಚೆಂಡು, ಬ್ಯಾಟು ಮಾರಿದ್ದರೂ ಲೆಕ್ಕಕ್ಕಿಲ್ಲ. ಹೊರಗುಳಿದ ವಿನಿಷ್ಮಾ ಟೆಕ್ನಾಲಜೀಸ್ ಹೈಕೋರ್ಟಿನಲ್ಲಿ ಸೋತು ಮೇಲ್ಮನವಿ ಹಾಕಿತು. ಎಲ್ಲರಿಗೂ ಒಂದೇ ಅಂಗಳ ಇರಬೇಕು, ಈ ಷರತ್ತು ಸಂವಿಧಾನದ 14ನೇ ವಿಧಿಗೂ, ವೃತ್ತಿ-ವ್ಯಾಪಾರದ ಸ್ವಾತಂತ್ರ್ಯ ಕೊಡುವ 19(1)(ಜಿ) ವಿಧಿಗೂ ವಿರುದ್ಧ ಎಂದು ಸುಪ್ರೀಂ ಕೋರ್ಟು ಅಕ್ಟೋಬರಿನಲ್ಲಿ ಮೂರೂ ಟೆಂಡರ್ ಪ್ರಕಟಣೆಗಳನ್ನು ರದ್ದುಮಾಡಿ, ಹೊಸದಾಗಿ ಕರೆಯಲು ಸರಕಾರಕ್ಕೆ ಬಿಟ್ಟಿತು.