ಸಾಲಿಗ್ರಾಮ ಮತ್ತು ಹರಳಯ್ಯನ ಕೆರ

ಹಳ್ಳಿಖೇಡದಿಂದ ಹುಮನಾಬಾದ್ ದಾಟಿ ಬಸವಕಲ್ಯಾಣಕ್ಕೆ ಹೋದರೆ ಅಲ್ಲಿ ಹರಳಯ್ಯನ ಗವಿ ಇದೆ. ಯು.ಆರ್. ಅನಂತಮೂರ್ತಿಯವರ ‘ಭಾರತೀಪುರ’ ಓದಿದ ನಮ್ಮ ಭಾಗದ ಹುಡುಗರು ಆ ಗವಿಯನ್ನೂ ಒಮ್ಮೆ ನೋಡಿ ಬರಬೇಕು. ಕಾದಂಬರಿಯಲ್ಲಿ ಇರುವುದು ಒಂದು ಕಲ್ಲು. ಗವಿಯ ಕಥೆಯಲ್ಲಿ ಇರುವುದು ಒಂದು ಜೋಡಿ ಕೆರ. ಎರಡನ್ನೂ ಎದುರುಬದುರು ಇಟ್ಟು ನೋಡಿದರೆ ಜಾತಿ ವ್ಯವಸ್ಥೆ ಎಲ್ಲಿ ಕೂತದ ಅನ್ನೋದು ಗೊತ್ತಾಗ್ತದ.

1973ರಲ್ಲಿ ಬಂದ ಈ ಕಾದಂಬರಿಯ ಜಗನ್ನಾಥ ಇಂಗ್ಲೆಂಡಿನಲ್ಲಿ ಓದಿ ಬಂದ ಬ್ರಾಹ್ಮಣ ಜಮೀನ್ದಾರ. ದೇವರಕೋಣೆಯ ಸಾಲಿಗ್ರಾಮವನ್ನು ಹೊರಗೆ ತಂದು ಹೊಲೆಯರ ಹುಡುಗರಿಗೆ ಮುಟ್ಟಿ ಎನ್ನುತ್ತಾನೆ. ಅವರು ಹೆದರಿ ಹಿಂದೆ ಸರಿಯುತ್ತಾರೆ. ಆತ ಗದರಿದಾಗ ಮುಟ್ಟುತ್ತಾರೆ. ಆಯ್ತು, ಮುಟ್ಟಿದರು. ಏನ್ ಬದಲಾತು? ಕಲ್ಲಿಗೆ ಅಂಜುವವರು ಧಣಿಗೆ ಅಂಜಿದರು, ಅಷ್ಟೇ. ಅನಂತಮೂರ್ತಿ ಇದನ್ನು ಮುಚ್ಚಿಡಲಿಲ್ಲ. ಆ ಗಳಿಗೆಯಲ್ಲಿ ಜಗನ್ನಾಥನೇ ಕ್ರೂರಿಯಾಗುವುದನ್ನು ಬರೆದರು. ಆದರೂ ಕಾದಂಬರಿಯ ಕಣ್ಣು ಇರುವುದು ಜಗನ್ನಾಥನ ಸಂಕಟದ ಮೇಲೆ, ಮುಟ್ಟಿದವರ ಸಂಕಟದ ಮೇಲಲ್ಲ.

ಆ ಕಲ್ಲಾದರೂ ಯಾವುದು? ನೇಪಾಳದ ಗಂಡಕಿ ನದಿಯಲ್ಲಿ ಸಿಗುವ, ಕೋಟ್ಯಂತರ ವರ್ಷಗಳ ಹಿಂದೆ ಸತ್ತ ಕಡಲ ಜೀವಿಯ ಪಳೆಯುಳಿಕೆ. ಸತ್ತ ಜೀವಿಯ ಗುರುತು ದೇವರಾಯ್ತು. ಸತ್ತ ದನದ ಚರ್ಮ ಹದಮಾಡಿ ಊರಿಗೆಲ್ಲ ಕೆರ, ಮಿಣಿ, ಬಾರುಕೋಲು ಕೊಟ್ಟವ ಮುಟ್ಟಬಾರದವನಾದ. ಇದಕ್ಕೇ ಸಂಸ್ಕೃತಿ ಅಂತ ಹೆಸರಿಟ್ಟರು.

ಇನ್ನು 12ನೇ ಶತಮಾನದ ಕಲ್ಯಾಣದ ಕಥೆ. ತನ್ನ ಒಂದು ಶರಣಿಗೆ ಬಸವಣ್ಣ ಎರಡು ಶರಣು ಹೇಳಿದನೆಂದು, ಆ ಋಣ ತೀರಿಸಲು ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಕೆರ ಹೊಲಿದರಂತೆ. ಬಸವಣ್ಣ ಅವನ್ನು ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡ. ಇದನ್ನು ಕೇಳಿ ಕಣ್ಣೀರು ಹಾಕುವವರು ಇನ್ನೊಂದನ್ನೂ ಕಾಣಬೇಕು: ಒಂದು ನಮಸ್ಕಾರದ ಬೆಲೆಗೆ ಮೈಚರ್ಮ ಸುಲಿದುಕೊಟ್ಟವರು ನಮ್ಮವರೇ.

ಕೆರ ತಲೆಗೇರಿದಾಗ ಬಿಜ್ಜಳನ ಆನೆ ಹೊರಬೀಳಲಿಲ್ಲ. ಹರಳಯ್ಯನ ಮಗ ಶೀಲವಂತನಿಗೂ ಬ್ರಾಹ್ಮಣ ಹುಟ್ಟಿನ ಮಧುವರಸನ ಮಗಳು ಲಾವಣ್ಯಳಿಗೂ ಮದುವೆಯಾದಾಗ ಹೊರಬಿತ್ತು. ಬೀಗರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತು. ದೊಡ್ಡವರು ಮುಟ್ಟಿಸಿದರೆ, ದೊಡ್ಡವರು ತಲೆಗಿಟ್ಟುಕೊಂಡರೆ ಈ ವ್ಯವಸ್ಥೆ ಹೇಗೋ ನುಂಗಿಕೊಳ್ಳುತ್ತದೆ. ನಾವು ಬೀಗರಾದರೆ, ನಾವೇ ಕೈ ಹಾಕಿದರೆ ಹಲ್ಲು ತೋರಿಸುತ್ತದೆ.

1927ರ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಯ ನೀರನ್ನು ಬಾಬಾಸಾಹೇಬರ ಜೊತೆ ಸಾವಿರಾರು ಜನ ಕುಡಿದರು. ಯಾವ ಜಗನ್ನಾಥನೂ ಕುಡಿಸಲಿಲ್ಲ. ಮೇಲ್ಜಾತಿಯವರು ಅವರ ಮೇಲೆ ಬಿದ್ದು ಹೊಡೆದರು. ಆಮೇಲೆ ಸಗಣಿ, ಗಂಜಲ ಸುರಿದು ಕೆರೆಯನ್ನು ‘ಶುದ್ಧ’ ಮಾಡಿದರು. ‘ಭಾರತೀಪುರ’ ಬಂದ 1973ರಲ್ಲೇ ಮಂತ್ರಿ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ನಾಡಿಗೆ ನಾಡೇ ಎದ್ದು ಕೂತಿತು, ಅವರು ಮಂತ್ರಿಗಿರಿ ಬಿಡಬೇಕಾಯ್ತು. ಅಲ್ಲಿ ಸಾಹಿತ್ಯವೇ ಸಾಲಿಗ್ರಾಮ. ಆದರೆ ಈ ಸಲ ಮುಟ್ಟಿದ ಕೈ ಯಾರ ಅಪ್ಪಣೆಗೂ ಕಾದಿರಲಿಲ್ಲ.

ಈ ಕಾದಂಬರಿಯನ್ನು ಹೇಳಿಕೊಡುವ ಮೇಷ್ಟ್ರುಗಳಲ್ಲಿ ನಮ್ಮದೊಂದು ಮಾತು. ಸಾಲಿಗ್ರಾಮ ಯಾವುದರ ಸಂಕೇತ ಅಂತ ಕೇಳಿ ಪಾಠ ಮುಗಿಸಬೇಡಿ. ಮುಟ್ಟು ಅಂದವ ಯಾರು, ಮುಟ್ಟಿದವನ ಹೆಸರೇನು, ಅವತ್ತು ಸಂಜೆ ಅವನು ಯಾವ ಬಾವಿಯ ನೀರು ಕುಡಿದ ಅಂತಲೂ ಕೇಳಿ.